ಮುನ್ಶಿ ಬಿಟ್ಟ ಒಂದು ಪೈ

“ಗುರುಗಳೇ, ಈಗಿನವರಿಗೆ ಅರ್ಥವಾಗದ ಸಣ್ಣಪುಟ್ಟದ್ದನ್ನು ಬಿಟ್ಟು, ಉಳಿದದ್ದನ್ನೆಲ್ಲ ತಪ್ಪಿಲ್ಲದೆ ಬರೆದರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಅವನು ಮೂರು ತಿಂಗಳಿಂದ ಮಠದ ಹಳೆಯ ಪತ್ರಗಳನ್ನು ಹೊಸ ಕನ್ನಡಕ್ಕೆ ಇಳಿಸುತ್ತಿದ್ದ. ಹಿಂದಿನ ಗುರುಗಳು ಭಕ್ತರಿಗೆ ಬರೆದ ಪತ್ರಗಳು ಅವು. ಒಂದೊಂದರಲ್ಲೂ ಯಾವುದೋ ಮರೆತುಹೋದ ಅಳತೆ, ಯಾವುದೋ ಕಾಣದ ನಾಣ್ಯದ ಹೆಸರು, ಯಾಕೆ ಹಾಕಿದ್ದೆಂದು ತಿಳಿಯದ ಗುರುತು. ಶಿಷ್ಯ ಅವುಗಳನ್ನೆಲ್ಲ ಕಳೆ ಕಿತ್ತಂತೆ ಕಿತ್ತು ಹಾಕಿದ್ದ. ಪುಟಗಳು ಚೊಕ್ಕವಾಗಿದ್ದವು. ನಿಜ ಹೇಳಬೇಕೆಂದರೆ ಅವನು ಪ್ರಶ್ನೆ ಕೇಳಲು ಬಂದವನಲ್ಲ, ಶಹಬ್ಬಾಸ್ ಎನ್ನಿಸಿಕೊಳ್ಳಲು ಬಂದವನು.

ಗುರುಗಳು ಪುಟಗಳನ್ನು ತಿರುವಿದರು. “ಅಕ್ಷರ ಮುದ್ದಾಗಿದೆ,” ಎಂದರು. ಆಮೇಲೆ ಈ ಕತೆ ಹೇಳಿದರು.

ಕರಾವಳಿಯ ಒಂದು ಬಂದರಿನಲ್ಲಿ ಒಬ್ಬ ಮುನ್ಶಿ ಇದ್ದ. ಇದಿನಬ್ಬ ಎಂದು ಅವನ ಹೆಸರು. ಮಸೀದಿಯ ಪಾಠದಲ್ಲಿ ಅರಬಿ ಕಲಿತಿದ್ದ, ಪಾದ್ರಿಗಳ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದ. ಒಂದು ಭಾಷೆಯ ಕಾಗದವನ್ನು ಇನ್ನೊಂದು ಭಾಷೆಗೆ ಬರೆದುಕೊಡುವುದೇ ಅವನ ಕಸುಬು. ಹಡಗು ನಿಲ್ಲುವ ದಕ್ಕೆಯ ಎದುರಿಗೆ ಒಂದು ಸಣ್ಣ ಕೋಣೆ, ಒಂದು ಮೇಜು, ಎರಡು ಶಾಯಿಯ ದೌತಿ. ಮುನ್ಶಿ ಬರೆದುಕೊಟ್ಟ ಕಾಗದವನ್ನು ಕಡಲಿನ ಆಚೆ ದಡದಲ್ಲಿ ಯಾರೂ ಮರುಪ್ರಶ್ನೆ ಮಾಡುತ್ತಿರಲಿಲ್ಲ.

ಅದು ಹಾಯಿಯ ಕಾಲ. ಮಳೆಗಾಲ ಕಳೆದು ಕಡಲು ತಿಳಿಯಾಯಿತೆಂದರೆ ಅರಬರ ಮಂಜಿಗಳು ಬರುತ್ತಿದ್ದವು. ಮಂಜಿ ಎಂದರೆ ಸರಕು ಹೊರುವ ಹಾಯಿಹಡಗು. ಖರ್ಜೂರ ಇಳಿಸುತ್ತಿದ್ದವು, ಅಕ್ಕಿ, ಹಂಚು, ಹುರಿಹಗ್ಗ ಹೇರಿಕೊಂಡು ಹೋಗುತ್ತಿದ್ದವು. ಬಂದರಿನ ವ್ಯಾಪಾರಿಗಳು ಕಾಗದಪತ್ರವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು, ಸರ್ಕಾರದ ಕಚೇರಿಗೆ ಅದೇ ಬೇಕಾಗಿತ್ತು. ಹಡಗು ನಡೆಸುವ ನಾಕುದರಿಗೆ ಅರಬಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಈ ಇಬ್ಬರ ನಡುವೆ ಮುನ್ಶಿ ಕುಳಿತಿದ್ದ. ಆರು ತಿಂಗಳು ಅವನಿಗೆ ಊಟಕ್ಕೆ ಪುರಸೊತ್ತಿಲ್ಲ, ಇನ್ನು ಆರು ತಿಂಗಳು ಊಟ ಬಿಟ್ಟು ಬೇರೆ ಕೆಲಸವಿಲ್ಲ. ಅವನ ಬದುಕಿನ ಒಳ್ಳೆಯ ದಿನಗಳೆಂದರೆ ಅವೇ.

ಮುನ್ಶಿಯ ಕೈಚಳಕ ಕಾಣುತ್ತಿದ್ದದ್ದು ಹಣದ ಗುರುತುಗಳಲ್ಲಿ. ಇಂಗ್ಲಿಷಿನವರು ಹಣದ ಹೆಸರನ್ನು ಪೂರ್ತಿ ಬರೆಯುವ ಜನವಲ್ಲ. ಒಂದೆರಡು ಅಕ್ಷರ ಗೀಚಿ ಪಕ್ಕದಲ್ಲಿ ಚುಕ್ಕೆ ಇಟ್ಟರೆ ಮುಗಿಯಿತು. ರೂಪಾಯಿಗೆ ಒಂದು ಗುರುತು, ಆಣೆಗೆ ಒಂದು, ಪೈಗೆ ಒಂದು. ಪೌಂಡಿಗೆ ಬಾಲ ಸುತ್ತಿಕೊಂಡ ಅಕ್ಷರ. ಪೆನ್ನಿ ಎಂಬ ಅವರ ಚಿಲ್ಲರೆ ಕಾಸಿಗಂತೂ ಅದರ ಹೆಸರಿನಲ್ಲೇ ಇಲ್ಲದ ಒಂದು ಅಕ್ಷರ. ಈ ಗುರುತುಗಳನ್ನು ಹಾಗೆಯೇ ಅರಬಿಗೆ ಒಯ್ದರೆ ಅಲ್ಲಿನವನಿಗೆ ಅದು ಇರುವೆ ಹರಿದ ಗೆರೆ. ಆದ್ದರಿಂದ ಮುನ್ಶಿ ಒಂದು ಪುಸ್ತಕ ಇಟ್ಟಿದ್ದ. ಎಡಕ್ಕೆ ಇಂಗ್ಲಿಷ್ ಗುರುತು, ಬಲಕ್ಕೆ ಅದಕ್ಕೆ ಸಲ್ಲುವ ಅರಬಿ ಮಾತು. ನಲವತ್ತು ವರ್ಷ ಒಂದೊಂದಾಗಿ ಸೇರಿಸಿದ್ದು.

ರೂಪಾಯಿಗೆ ಮಾತು ಹುಡುಕುವ ಕಷ್ಟವಿರಲಿಲ್ಲ, ನಮ್ಮ ರೂಪಾಯಿಯೇ ಆಗ ಆ ದಡದಲ್ಲೂ ಓಡಾಡುತ್ತಿತ್ತು. ಆಣೆಯೂ ಅಲ್ಲಿನ ಮುದುಕರಿಗೆ ಗೊತ್ತಿತ್ತು. ಪೈಗೆ ಮಾತ್ರ ಮಾತು ಸಿಕ್ಕಿರಲಿಲ್ಲ. ಅಷ್ಟು ಸಣ್ಣ ಕಾಸನ್ನು ಕಡಲು ದಾಟಿಸಿದವರು ಯಾರೂ ಇರಲಿಲ್ಲ. ಪುಸ್ತಕದಲ್ಲಿ ಆ ಒಂದು ಸಾಲಿನ ಬಲಗಡೆ ಖಾಲಿಯಾಗಿತ್ತು.

ಇಲ್ಲಿ ಗುರುಗಳು ಸ್ವಲ್ಪ ನಿಂತರು. “ನಿನಗೆ ಪೈ ಗೊತ್ತಿರಲಾರದು,” ಎಂದರು. “ಹನ್ನೆರಡು ಪೈ ಸೇರಿದರೆ ಒಂದು ಆಣೆ. ಹದಿನಾರು ಆಣೆಗೆ ಒಂದು ರೂಪಾಯಿ. ನೂರಾ ತೊಂಬತ್ತೆರಡು ಪೈ ಕೂಡಿದರೆ ರೂಪಾಯಿಯ ಮುಖ ಕಾಣುತ್ತಿತ್ತು. ನಾನು ಚಿಕ್ಕವನಿದ್ದಾಗ ಮೂರು ಪೈ ಕೊಟ್ಟರೆ ಅಂಗಡಿಯವನು ಒಂದು ಹಿಡಿ ಹುರಿಗಡಲೆಯನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದ, ಮೇಲೆ ಒಂದು ಚೂರು ಬೆಲ್ಲವನ್ನೂ ಇಡುತ್ತಿದ್ದ. ಆ ಚೂರಿಗೆ ಲೆಕ್ಕವಿಲ್ಲ. ಅದರ ರುಚಿ ಮಾತ್ರ ಇನ್ನೂ ನಾಲಿಗೆಯ ಮೇಲಿದೆ.” ಮತ್ತೆ ಕತೆಗೆ ಬಂದರು.

ಮುನ್ಶಿಗೆ ಒಂದು ನೇಮವಿತ್ತು. ಕಾಗದದ ಅಂಚಿನಲ್ಲಿ ಅವನು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಇದರ ಅರ್ಥ ಹೀಗೆ, ಅದರ ಹಿನ್ನೆಲೆ ಹೀಗೆ ಎಂದು ಅಂಚಿನಲ್ಲಿ ಗೀಚುವುದು ಕೈಲಾಗದವನ ಲಕ್ಷಣ ಎಂದು ಹೇಳುತ್ತಿದ್ದ. ಹೇಳುವುದೆಲ್ಲ ಸಾಲಿನೊಳಗೇ ಬರಬೇಕು, ಇಲ್ಲದಿದ್ದರೆ ಬರಲೇಬಾರದು. ಬೇರೆ ಬಂದರಿನ ಮುನ್ಶಿಗಳ ಕಾಗದ ನೋಡಿದರೆ ಅವನಿಗೆ ನಗು. ಅಂಚು ತುಂಬ ಟಿಪ್ಪಣಿ, ಅಂಗಿಗಿಂತ ತೇಪೆ ದೊಡ್ಡದು ಎನ್ನುತ್ತಿದ್ದ. ಅವನ ಕಾಗದ ಹಾಗಲ್ಲ. ನಾಲ್ಕೂ ಕಡೆ ಬಿಳಿಯ ಅಂಚು, ನಡುವೆ ಮುತ್ತು ಪೋಣಿಸಿದಂಥ ಅಕ್ಷರ. ಅದನ್ನು ನೋಡಿ ಅವನಿಗೇ ಹೆಮ್ಮೆ. ಹೆಮ್ಮೆ ಪಡುವಂಥ ಕೆಲಸವೇ ಆಗಿತ್ತು ಬಿಡು, ಅದರಲ್ಲಿ ಸುಳ್ಳಿಲ್ಲ.

ಕಾಲ ಕಳೆಯಿತು. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿತು. ಎಂಜಿನ್ ಹಡಗುಗಳು ಬೇರೆ ಬಂದರು ಹುಡುಕಿಕೊಂಡವು. ಹತ್ತು ಮಂಜಿ ಬರುವಲ್ಲಿ ಎರಡು ಬಂದವು, ಆಮೇಲೆ ಒಂದೂ ಇಲ್ಲ. ಆಣೆ ಹೋಯಿತು, ಪೈ ಹೋಯಿತು, ನಯಾಪೈಸೆ ಬಂದು ಅದೂ ಹಳೆಯದಾಯಿತು. ಮುನ್ಶಿ ಮಾತ್ರ ದಿನವೂ ಕೋಣೆಯ ಬಾಗಿಲು ತೆರೆದು ಕೂರುತ್ತಿದ್ದ. ತನ್ನ ಪುಸ್ತಕವನ್ನು ತೆಗೆದು ಹಳೆಯ ಗುರುತುಗಳ ಮೇಲೆ ಬೆರಳಾಡಿಸುತ್ತಿದ್ದ. ಇವುಗಳನ್ನು ಓದಬಲ್ಲವನು ಈ ಊರಿನಲ್ಲಿ ತಾನೊಬ್ಬನೇ ಉಳಿದೆ ಎಂದು ತಿಳಿದಾಗ ಅವನಿಗೆ ಒಮ್ಮೆ ಬೀಗುವ ಹಾಗಾಯಿತು, ಮರುಗಳಿಗೆಯೇ ಅಳು ಬಂತು.

ಅಂಥ ದಿನಗಳಲ್ಲಿ ಆಚೆ ದಡದಿಂದ ಅವನಿಗೊಂದು ಲಕೋಟೆ ಬಂತು. ಒಳಗೆ ಮಾಸಿದ ಒಂದು ಇಂಗ್ಲಿಷ್ ಕಾಗದ, ಜೊತೆಗೆ ಅರಬಿಯಲ್ಲಿ ನಾಲ್ಕು ಸಾಲು. “ನಾನು ನಾಕುದ ರಾಶಿದನ ಮಗ ಹಮದ್. ನನಗೆ ಏಳು ವರ್ಷವಿದ್ದಾಗ ತಂದೆ ಕಡಲಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯ ತಳದಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಈ ಕಾಗದ ಸಿಕ್ಕಿತು. ಇಷ್ಟು ಜೋಪಾನ ಮಾಡಿದ ಕಾಗದದಲ್ಲಿ ಏನಿದೆಯೆಂದು ಬರೆದು ತಿಳಿಸಬೇಕು.”

ಮುನ್ಶಿಗೆ ಹಿಡಿಸಲಾರದ ಸಂತೋಷ. ಎಷ್ಟೋ ವರ್ಷದ ಮೇಲೆ ಕೈಗೆ ಕೆಲಸ ಬಂದಿತ್ತು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಕೆಳಗೆ ಅಕ್ಕಿ ವ್ಯಾಪಾರಿ ಅನಂತರಾಜ ಸೆಟ್ಟರ ಮುದ್ರೆ ಇತ್ತು. ಸೆಟ್ಟರು ತೀರಿಕೊಂಡು ಬಹಳ ಕಾಲವಾಗಿತ್ತು, ಮುನ್ಶಿ ಅವರನ್ನು ಬಲ್ಲವನು. ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಬಿರುಗಾಳಿಯಲ್ಲಿ ಹಾಯಿ ಕಟ್ಟುವ ಪಟದ ಮರ ಮುರಿದು ಈ ಬಂದರಿಗೆ ಬಂದ ನಾಕುದ ರಾಶಿದನಿಗೆ ಹೊಸ ಮರ, ಹಾಯಿ, ಹಗ್ಗ ಮತ್ತು ಹನ್ನೊಂದು ಜನ ಖಲಾಸಿಗಳ ನಲವತ್ತು ದಿನದ ಊಟದ ಬಾಬ್ತು ಕೊಟ್ಟದ್ದು ಎಂದು ಬರೆದು, ಮೊತ್ತ ಹಾಕಿತ್ತು. ರೂಪಾಯಿಯ ಗುರುತು, ಅದರ ಮುಂದೆ ಐನೂರು. ಆಣೆಯ ಜಾಗದಲ್ಲಿ ಸೊನ್ನೆ. ಪೈಯ ಜಾಗದಲ್ಲಿ ಒಂದು.

ಮೂರು ಸಾಲು ಬರೆಯಲು ಮುನ್ಶಿ ಎರಡು ದಿನ ತೆಗೆದುಕೊಂಡ. ಎಲ್ಲವೂ ಸರಾಗವಾಗಿ ಬಂತು, ಕೊನೆಯ ಒಂದು ಪೈಯ ಹತ್ತಿರ ಲೇಖನಿ ನಿಂತಿತು. ಅದಕ್ಕೆ ಅರಬಿಯಲ್ಲಿ ಮಾತಿಲ್ಲ. ಇದ್ದಂತೆ ಬರೆದರೆ ಓದುವವನು ಇದೇನೆಂದು ತಲೆ ಕೆರೆದುಕೊಳ್ಳುತ್ತಾನೆ. ಬಿಡಿಸಿ ಹೇಳಬೇಕೆಂದರೆ ಅಂಚಿನಲ್ಲಿ ಬರೆಯಬೇಕು. ರೂಪಾಯಿಯ ನೂರಾ ತೊಂಬತ್ತೆರಡನೆಯ ಒಂದು ಪಾಲು, ಈಗ ಚಲಾವಣೆಯಲ್ಲಿಲ್ಲ ಎಂದು ಬರೆದರೆ ಕಾಗದಕ್ಕಿಂತ ಟಿಪ್ಪಣಿಯೇ ಉದ್ದವಾಗುತ್ತದೆ. ಅದೂ ಯಾವುದಕ್ಕೆ? ಭಿಕ್ಷುಕನೂ ಬಗ್ಗಿ ಎತ್ತಿಕೊಳ್ಳದ ಒಂದು ಕಾಸಿಗೆ. ಗುಮಾಸ್ತ ಕೂಡುವಾಗ ತಪ್ಪಿ ಬಿದ್ದಿರಬೇಕು ಎಂದುಕೊಂಡ. ಅರಬಿಯಲ್ಲಿ ಐನೂರು ರೂಪಾಯಿ ಎಂದು ಅಂದವಾಗಿ ಬರೆದು ಮುಗಿಸಿದ. ನಾಲ್ಕೂ ಅಂಚು ಬಿಳಿಯಾಗಿ ಉಳಿಯಿತು. ಮೂಲ ಕಾಗದವನ್ನೂ ಜೊತೆಗಿಟ್ಟು ಕಳಿಸಿದ. ಆ ದಿನ ಅವನು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡ.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ಉದ್ದ ನಿಲುವಂಗಿಯ ಒಬ್ಬ ಮನುಷ್ಯ ನಿಂತಿದ್ದ. ನಲವತ್ತರ ಆಚೆಯ ವಯಸ್ಸು, ಹೆಗಲಲ್ಲಿ ಒಂದು ಚೀಲ. ಸಲಾಂ ಹೇಳಿ, ತಾನು ಹಮದ್, ರಾಶಿದನ ಮಗ ಎಂದ.

“ನನ್ನ ತಂದೆಯ ಸಾಲ ತೀರಿಸಲು ಬಂದಿದ್ದೇನೆ. ಆ ವ್ಯಾಪಾರಿಯ ಮನೆ ತೋರಿಸಿ,” ಎಂದ.

ಸಾಲ ಹೊತ್ತು ಸತ್ತವನಿಗೆ ಆ ಸಾಲ ತೀರುವ ತನಕ ಬಿಡುಗಡೆಯಿಲ್ಲ ಎಂಬುದು ಅವರ ನಂಬಿಕೆ. ತಂದೆ ಮೂವತ್ತು ಚಿಲ್ಲರೆ ವರ್ಷಗಳಿಂದ ಹಾಗೆ ಕಾಯುತ್ತಿದ್ದಾನೆ ಎಂದು ತಿಳಿದ ಮೇಲೆ ಮಗನಿಗೆ ಅನ್ನ ರುಚಿಸಿರಲಿಲ್ಲ. ಊರಿನ ಖಾಜಿ, ಐನೂರು ಎಂದು ಬರೆದಿದ್ದರೆ ಐನೂರು ಕೊಟ್ಟರೆ ಸಾಕು, ಧರ್ಮಕ್ಕೆ ಅಷ್ಟೇ ಬೇಕಾದದ್ದು ಎಂದಿದ್ದರು. ಹಮದ್ ಒಪ್ಪಿರಲಿಲ್ಲ. ಆ ದಿನದ ಐನೂರಕ್ಕೆ ಪಟದ ಮರ ಬಂದಿತ್ತು, ಹಾಯಿ, ಹಗ್ಗ ಬಂದಿತ್ತು, ಹನ್ನೊಂದು ಜನ ನಲವತ್ತು ದಿನ ಉಂಡಿದ್ದರು. ಈ ದಿನ ಅಷ್ಟನ್ನು ಕೊಳ್ಳಲು ಎಷ್ಟು ಬೇಕೋ ಅಷ್ಟು ಕೊಟ್ಟರೇ ಸಾಲ ತೀರಿತು ಎಂದು ಲೆಕ್ಕ ಹಾಕಿದ್ದ. ಹನ್ನೆರಡು ಸಾವಿರವಾಯಿತು. ಅವನ ಬಳಿ ಇದ್ದದ್ದು ಒಂದು ಮಂಜಿ, ತಂದೆ ಬಿಟ್ಟುಹೋದದ್ದು. ಅದನ್ನು ಮಾರಿ ಬಂದಿದ್ದ.

ಮುನ್ಶಿಗೆ ಆ ಮನುಷ್ಯನ ಮೇಲೆ ಗೌರವ ಉಕ್ಕಿತು. ತಾನು ಬರೆದ ಮೂರು ಸಾಲು ಕಡಲು ದಾಟಿ ಒಬ್ಬ ಮಗನಿಗೆ ದಾರಿ ತೋರಿಸಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಕೊಡೆ ತೆಗೆದುಕೊಂಡು ತಾನೇ ಮುಂದಾಗಿ ನಡೆದ.

ಸೆಟ್ಟರ ಮನೆಯಲ್ಲಿ ಅವರ ಮಗಳು ಮರುದೇವಿಯಮ್ಮ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಮಾತು ಗಟ್ಟಿ. ಅಪ್ಪನ ಕಾಲದಲ್ಲಿ ಅಂಗಡಿಯ ಗದ್ದುಗೆಯ ಪಕ್ಕದಲ್ಲೇ ಕೂತು ವ್ಯಾಪಾರ ನೋಡಿದವರು. ಬಂದವರಿಗೆ ಬೆಲ್ಲ, ನೀರು ಕೊಡಿಸಿದರು. ಮುನ್ಶಿ ವಿಷಯ ಹೇಳಿದ. ಹಮದ್ ಚೀಲ ಬಿಚ್ಚಿ ಹಣದ ಕಟ್ಟುಗಳನ್ನು ಚಾಪೆಯ ಮೇಲೆ ಇಟ್ಟ.

ಮರುದೇವಿಯಮ್ಮ ಹಣವನ್ನು ನೋಡಲಿಲ್ಲ. “ಐನೂರು ಅಂತ ಉಂಟಾ? ಬರೀ ಐನೂರು?” ಎಂದು ಕೇಳಿದರು.

“ಹೌದಮ್ಮ.”

“ಹಾಗಿರ್ಲಿಕ್ಕಿಲ್ಲ ಮುನ್ಶಿಗಳೇ. ಕಡಲಲ್ಲಿ ಹಡಗು ಒಡೆದು ಬಂದವರಿಗೆ ನಮ್ಮಪ್ಪ ಸಾಲ ಕೊಟ್ಟದ್ದು ನಾನು ಕಂಡದ್ದೇ ಇಲ್ಲ. ಆ ಅಸಲು ಕಾಗದ ತಂದಿದ್ದಾರಾ? ಸ್ವಲ್ಪ ಓದಿ ನೋಡುವ, ಕೊನೆಗೆ ಎಂತ ಉಂಟು ಅಂತ.”

ಹಮದ್ ರೇಷ್ಮೆ ಬಟ್ಟೆ ಬಿಚ್ಚಿ ಮೂಲ ಕಾಗದ ಕೊಟ್ಟ. ಮುನ್ಶಿ ಓದತೊಡಗಿದ. ಮರ, ಹಾಯಿ, ಹಗ್ಗ ಎಂದ. ರೂಪಾಯಿ ಐನೂರು ಎಂದ. ಆಣೆ ಸೊನ್ನೆ ಎಂದ. ಅಲ್ಲಿ ಅವನ ದನಿ ನಿಂತಿತು.

ಯಾಕೆ ಆ ಪ್ರಶ್ನೆ ಬಂತೆಂದು ಅವನಿಗೆ ಇನ್ನೂ ಪೂರ್ತಿ ಹೊಳೆದಿರಲಿಲ್ಲ. ಆದರೆ ಕೊನೆಗೆ ಏನಿದೆ ಎಂದು ಆಕೆ ಕೇಳಿದ್ದರು, ಕೊನೆಗೆ ಇದ್ದದ್ದನ್ನೇ ತಾನು ಬಿಟ್ಟಿದ್ದ. ಆ ಮನೆಯಲ್ಲಿ ಆ ಕಾಗದವನ್ನು ಓದಬಲ್ಲವನು ಅವನೊಬ್ಬನೇ. ಮರುದೇವಿಯಮ್ಮನಿಗೆ ಇಂಗ್ಲಿಷ್ ಬಾರದು, ಹಮದನಿಗೂ ಬಾರದು. ಅಲ್ಲಿಗೆ ನಿಲ್ಲಿಸಿ ಕಾಗದ ಮಡಚಿದರೆ ಕೇಳುವವರಿಲ್ಲ. ಮಗ ಸಾಲ ತೀರಿತೆಂದು ನೆಮ್ಮದಿಯಿಂದ ಹೋಗುತ್ತಾನೆ. ಈ ಮನೆಗೆ ಹಣ ಬರುತ್ತದೆ, ಮಾಡಿನ ಹಂಚು ಹೋಗಿದೆ, ಉಪಯೋಗಕ್ಕಾಗುತ್ತದೆ. ನಲವತ್ತು ವರ್ಷ ಕಟ್ಟಿದ ಹೆಸರು ಹಾಗೇ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಮುನ್ಶಿ ಅಷ್ಟೂ ಯೋಚಿಸಿದ. ಯೋಚಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆದರೆ ಬರೆದದ್ದನ್ನು ಬರೆದಂತೆ ಓದದೆ ಇದ್ದದ್ದು ಅವನ ಬದುಕಿನಲ್ಲಿ ಇಲ್ಲ. “ಒಂದು ಪೈ,” ಎಂದ.

ಮರುದೇವಿಯಮ್ಮ ತೊಡೆ ತಟ್ಟಿ ನಕ್ಕರು. “ನೋಡಿ! ನಾನು ಹೇಳ್ಲಿಲ್ವಾ? ಮುನ್ಶಿಗಳೇ, ನನ್ನ ತಮ್ಮನ ಮದುವೆಗೆ ನೀವು ಎಷ್ಟು ಮುಯ್ಯಿ ಓದಿಸಿದ್ರಿ, ನೆನಪುಂಟಾ?”

“ಹನ್ನೊಂದು ರೂಪಾಯಿ,” ಎಂದ ಮುನ್ಶಿ.

“ಹತ್ತು ಯಾಕೆ ಅಲ್ಲ?”

ಮುನ್ಶಿ ತಲೆ ಎತ್ತಲಿಲ್ಲ. “ಬರೀ ಹತ್ತು ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಆಗ್ತದೆ, ಅಮ್ಮ. ಮೇಲೊಂದು ಇಟ್ಟರೆ ಸಂಬಂಧ ಉಳಿಯುತ್ತದೆ.”

“ಅದೇ ಅಲ್ವಾ ಇದೂ? ಅಪ್ಪ ಆ ಮೇಲಿನ ಒಂದನ್ನು ರೂಪಾಯಿಯಲ್ಲಿ ಇಡ್ತಿರ್ಲಿಲ್ಲ, ಪೈಯಲ್ಲಿ ಇಡ್ತಿದ್ರು. ದಾನ ಅಂತ ಬರೆಸಿದ್ರೆ ತಗೊಂಡವನ ತಲೆ ತಗ್ಗುತ್ತದೆ. ಕಚೇರಿಗೆ ತೋರಿಸ್ಲಿಕ್ಕೆ ಕಾಗದ ಬೇಕು, ಬರೆಸದೆ ಇರ್ಲಿಕ್ಕೂ ಆಗುದಿಲ್ಲ. ಅದಕ್ಕೆ ಹೀಗೆ. ಸೊನ್ನೆಯಲ್ಲಿ ಮುಗಿದ್ರೆ ಸಾಲ. ಕೊನೆಗೊಂದು ಪೈ ಇದ್ರೆ, ನೀನು ನಮ್ಮವನು, ತಿರುಗಿ ಕೊಡ್ಬೇಡ ಅಂತ. ಆ ಪೈಯನ್ನು ಅಪ್ಪ ತನ್ನ ಕೈಯಿಂದಲೇ ಅವರ ಅಂಗೈಯಲ್ಲಿ ಇಡ್ತಿದ್ರು. ಬಂದರಿನಲ್ಲಿ ಗೊತ್ತಿಲ್ಲದವರು ಯಾರಿದ್ರು ಆಗ?”

ಮೇಲೊಂದು ಇಡುವ ಪದ್ಧತಿ ಮುನ್ಶಿಗೆ ಗೊತ್ತಿಲ್ಲದ್ದಲ್ಲ. ಆ ಮೇಲಿನ ಒಂದು ರೂಪಾಯಿಯಾಗಿ ಕಂಡಿದ್ದರೆ ಅವನು ಗುರುತು ಹಿಡಿಯುತ್ತಿದ್ದ. ಪೈಯಾಗಿ ಬಂದದ್ದು ಅವನ ಕಣ್ಣಿಗೆ ಕಸವಾಗಿ ಕಂಡಿತ್ತು. ಆ ಪದ್ಧತಿಯ ನಡುವೆಯೇ ಹುಟ್ಟಿ, ಅದೇ ನೀರು ಕುಡಿದು, ಅದರಂತೆಯೇ ಎಲ್ಲ ಮದುವೆಗಳಲ್ಲಿ ಮುಯ್ಯಿ ಓದಿಸಿದವನು, ಅದು ಕಾಗದದ ಮೇಲೆ ಬಂದಾಗ ಗುರುತಿಸದೆ ಹೋಗಿದ್ದ. ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಇಷ್ಟನ್ನೂ ಈಗ ಅವನೇ ಅರಬಿಯಲ್ಲಿ ಹೇಳಬೇಕಾಗಿತ್ತು. ಬೇರೆ ಯಾರಿದ್ದರು?

ಹೇಳಿದ. ಒಂದು ಮಾತೂ ಬಿಡದೆ ಹೇಳಿದ. ಪೈ ಎಂದರೆ ಏನೆಂದು ಹೇಳಿದ, ಮೇಲೊಂದು ಯಾಕೆ ಇಡುತ್ತಾರೆಂದು ಹೇಳಿದ, ಅದನ್ನು ತಾನು ಬಿಟ್ಟೆನೆಂದೂ ಹೇಳಿದ.

ಹಮದನ ಕಣ್ಣಲ್ಲಿ ಮೊದಲು ನೀರು ಬಂದದ್ದು ಸಂತೋಷಕ್ಕೆ. ತಂದೆ ಸಾಲಗಾರನಾಗಿ ಸಾಯಲಿಲ್ಲ. ಯಾರ ಹಂಗಿನಲ್ಲೂ ಇಲ್ಲದೆ ಹೋದ. ಆ ಕಾಗದವನ್ನು ರೇಷ್ಮೆಯಲ್ಲಿ ಸುತ್ತಿಟ್ಟದ್ದು ಸಾಲದ ಹೆದರಿಕೆಯಿಂದಲ್ಲ, ಪ್ರೀತಿಯಿಂದ. ಅವನು ದೇವರಿಗೆ ಕೈಯೆತ್ತಿದ. ಆಮೇಲೆ ಮೆಲ್ಲಗೆ ಕೈ ಕೆಳಗಿಳಿಸಿದ.

ಮರುದೇವಿಯಮ್ಮ ಹಣದ ಕಟ್ಟುಗಳನ್ನು ಅವನ ಕಡೆಗೆ ಸರಿಸಿದರು. “ಇದನ್ನು ತೆಗೆದುಕೊಂಡ್ರೆ ಅಪ್ಪನ ಕೈಯನ್ನು ನಾನೇ ತಳ್ಳಿದ ಹಾಗೆ. ಇದರಲ್ಲಿ ಬೇರೆ ಒಂದು ಮಂಜಿ ತಗೊಳ್ಳಿ ಅಂತ ಹೇಳಿ ಅವರಿಗೆ,” ಎಂದರು.

ಮುನ್ಶಿ ಹೇಳಿದ. ಹಮದ್ ಮೂಲ ಕಾಗದವನ್ನು ಮತ್ತೆ ರೇಷ್ಮೆಯಲ್ಲಿ ಸುತ್ತಿದ.

“ಮಂಜಿ ಸಿಗುತ್ತದೆ,” ಎಂದ. “ನಾನು ಮಾರಿದ್ದು ಆ ಮಂಜಿಯನ್ನೇ. ಆ ಬಿರುಗಾಳಿಗೆ ಸಿಕ್ಕಿದ್ದು ಅದೇ, ಇಲ್ಲಿಗೆ ಬಂದದ್ದು ಅದೇ. ಈ ಮನೆಯವರು ಕೊಟ್ಟ ಪಟದ ಮರ ಅದರಲ್ಲಿ ಇನ್ನೂ ನಿಂತಿತ್ತು. ಚಿಕ್ಕಂದಿನಲ್ಲಿ ತಂದೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಅಂಗೈಯನ್ನು ಆ ಮರಕ್ಕೆ ಒತ್ತಿಸುತ್ತಿದ್ದರು. ಇದು ನಿನ್ನ ಚಿಕ್ಕಪ್ಪ, ಸಲಾಂ ಹೇಳು ಎನ್ನುತ್ತಿದ್ದರು. ಯಾಕೆ ಹಾಗೆನ್ನುತ್ತಿದ್ದರೆಂದು ನನಗೆ ಈಗ ತಿಳಿಯಿತು. ಕೊಂಡವನು ಮಂಜಿಯನ್ನು ಒಡೆದು ಹಲಗೆ ಮಾರಿದ. ಮರವನ್ನು ಕೊಯ್ದು ಮನೆಗೆ ತೊಲೆ ಮಾಡಿಕೊಂಡರು.”

ಕೊಟ್ಟ ಪ್ರೀತಿಯನ್ನು ಸಾಲವೆಂದು ತಿಳಿದು, ಆ ಸಾಲ ತೀರಿಸಲು ಆ ಪ್ರೀತಿಯನ್ನೇ ಮಾರಿ ಬಂದಿದ್ದ. ಇದನ್ನು ಕನ್ನಡದಲ್ಲಿ ಮರುದೇವಿಯಮ್ಮನಿಗೆ ಹೇಳುವ ಕೆಲಸವೂ ಮುನ್ಶಿಯದೇ. ಅದನ್ನೂ ಒಂದು ಮಾತು ಬಿಡದೆ ಹೇಳಿದ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈಯಲಿಲ್ಲ. ಹಮದನೂ ಬೈಯಲಿಲ್ಲ. ಬೈದಿದ್ದರೆ ಮುನ್ಶಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಆ ದಿನ ಹಮದ್ ಆ ಮನೆಯಲ್ಲೇ ಉಂಡ. ಮರುದಿನ ಹೊರಡುವಾಗ ಮುನ್ಶಿಯ ಕೋಣೆಗೆ ಬಂದು, ಆ ಕಾಗದವನ್ನು ಇನ್ನೊಮ್ಮೆ ಬರೆದುಕೊಡಿ, ನನ್ನ ಮಕ್ಕಳು ಓದಬೇಕು ಎಂದ. ಮುನ್ಶಿ ಬರೆದ. ನಡುವೆ ಮೂರು ಸಾಲು, ಸುತ್ತ ನಾಲ್ಕೂ ಅಂಚು ತುಂಬ ಟಿಪ್ಪಣಿ. ಇರುವೆ ಕೂರಲೂ ಜಾಗವಿಲ್ಲದಷ್ಟು ಬರೆದ. ಕೂಲಿ ಎಷ್ಟೆಂದು ಹಮದ್ ಕೇಳಿದಾಗ ಅವನು ಬೇಡವೆಂದು ಕೈ ಆಡಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಮುನ್ಶಿಯ ಮೇಲೆ ಕನಿಕರ ಬಂದಿತ್ತು. ಕೈಯಲ್ಲಿದ್ದ ತನ್ನ ಪುಟಗಳ ಮೇಲೂ ಸ್ವಲ್ಪ ಬಂದಿರಬೇಕು. “ಆದರೂ ಗುರುಗಳೇ, ಪಾಪ, ಅವನು ಬಿಟ್ಟದ್ದು ಬರೀ ಒಂದು ಪೈ ಅಲ್ಲವೇ?” ಎಂದ.

“ಹೌದು ಮಗು, ಉಳಿದ ಐನೂರು ರೂಪಾಯಿಯನ್ನು ಅವನು ಒಂದು ಚುಕ್ಕೆಯೂ ತಪ್ಪದೆ ಬರೆದಿದ್ದ,” ಎಂದರು ಗುರುಗಳು.

ಶಿಷ್ಯ ತನ್ನ ಪುಟಗಳನ್ನು ಎತ್ತಿಕೊಂಡು ಹೋಗಿ ಹಳೆಯ ಪತ್ರಗಳ ಕಟ್ಟನ್ನು ಮತ್ತೆ ಬಿಚ್ಚಿದ.